ಪೋವಿಸ್ ಕೋಟೆಯ ಡೇರೆ

ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ನೋಡುತ್ತಾರೆ, ಗುಂಬಜ್ ನೋಡುತ್ತಾರೆ, ಸಂಗಮದಲ್ಲಿ ಕಾಲು ನೆನೆಸಿಕೊಂಡು ಬರುತ್ತಾರೆ. ಟಿಪ್ಪು ವಾಸವಿದ್ದ ಅರಮನೆ ಯಾವುದು ಎಂದು ಯಾರಾದರೂ ಕೇಳಿದರೆ ಗೈಡುಗಳು ರಂಗನಾಥನ ಗುಡಿಯ ಹತ್ತಿರ ಒಂದು ಬಯಲನ್ನು ತೋರಿಸುತ್ತಾರೆ. ಅಲ್ಲಿ ತಳಪಾಯದ ಕಲ್ಲುಗಳು ಬಿಟ್ಟರೆ ಹೆಚ್ಚೇನೂ ಇಲ್ಲ. ಹುಡುಗನಾಗಿದ್ದಾಗ ನಮ್ಮ ಉರ್ದು ಶಾಲೆಯ ಪ್ರವಾಸದಲ್ಲಿ ಆ ಬಯಲಿನ ಮುಂದೆ ನಿಂತು, ಅರಮನೆ ಬಿದ್ದುಹೋಯಿತು ಸರಿ, ಒಳಗಿದ್ದ ಸಾಮಾನೆಲ್ಲ ಎಲ್ಲಿಗೆ ಹೋಯಿತು ಎಂದು ನಾನು ಕೇಳಿದ್ದೆ. ಮೇಷ್ಟ್ರು 'ಅಂಗ್ರೇಜರು ಹೊತ್ಕೊಂಡು ಹೋದರು' ಎಂದರು. ಎಲ್ಲಿಗೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಅದರಲ್ಲಿ ಒಂದಷ್ಟು ಎಲ್ಲಿದೆ ಎಂಬುದು ನನಗೆ ಸ್ಪಷ್ಟವಾಗಿ ತಿಳಿದದ್ದು ನನ್ನ ತಂಗಿಯ ಮಗನಿಂದ. ಅವನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ಒಂದು ಭಾನುವಾರ ಹೆಂಡತಿ, ಮಗಳನ್ನು ಕರೆದುಕೊಂಡು ವೇಲ್ಸ್ ಕಡೆ ಹೋಗಿದ್ದ. ಒಳ್ಳೆಯ ತೋಟವಿದೆ ಎಂದು ಯಾರೋ ಹೇಳಿದ್ದರಂತೆ. ತೋಟ ನೋಡಿ ಮುಗಿಸಿ, ಟಿಕೇಟು ಕೊಟ್ಟಾಗಿದೆಯಲ್ಲ ಎಂದು ಮನೆಯೊಳಕ್ಕೂ ಹೋದ. ರಾತ್ರಿ ನನ್ನ ಫೋನಿಗೆ ಹತ್ತು ಹನ್ನೊಂದು ಫೋಟೋ ಬಂದವು, ಜೊತೆಗೆ ಅವನ ಧ್ವನಿ: 'ಮಾಮೂ, ಇಲ್ಲಿ ನಮ್ಮ ಟಿಪ್ಪು ಇದ್ದಾರೆ.' ಫೋಟೋಗಳಲ್ಲಿ ಒಂದು ಚಿನ್ನದ ಹುಲಿಯ ತಲೆ ಇತ್ತು, ಒಂದು ಪಲ್ಲಕ್ಕಿ ಇತ್ತು, ಕತ್ತಿಗಳಿದ್ದವು, ಗಾಜಿನ ಮೇಲೆ ಬಿದ್ದ ಅವನದೇ ಮುಖದ ನೆರಳಿತ್ತು. ಅವನ ಏಳು ವರ್ಷದ ಮಗಳು ಗಾಜಿನ ಮುಂದೆ ನಿಂತು, 'ಇದನ್ನೆಲ್ಲ ಇವರಿಗೆ ಗಿಫ್ಟ್ ಕೊಟ್ಟಿದ್ದಾ ಅಬ್ಬಾ?' ಎಂದಳಂತೆ. ಇವನಿಗೆ ಏನು ಹೇಳಬೇಕೋ ತೋಚಲಿಲ್ಲವಂತೆ.

ಆ ಮನೆಯ ಹೆಸರು ಪೋವಿಸ್ ಕೋಟೆ. ವೆಲ್ಷ್‌ಪೂಲ್ ಎಂಬ ಊರಿನ ಪಕ್ಕದಲ್ಲಿದೆ. ಕೆಂಪು ಕಲ್ಲಿನ ಕಟ್ಟಡ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಹದಿಮೂರನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವನು ವೇಲ್ಸ್‌ನ ಒಬ್ಬ ರಾಜಕುಮಾರ. ಆಮೇಲೆ ಅದು ಹರ್ಬರ್ಟ್ ಎಂಬ ಶ್ರೀಮಂತ ಮನೆತನಕ್ಕೆ ಸೇರಿತು. 1952ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಇಂಥ ನೂರಾರು ಮನೆಗಳಿವೆ. ಒಂದು ಕಾಲಕ್ಕೆ ಜಮೀನ್ದಾರರು ಬಾಳಿದ ಈ ಮನೆಗಳು ಈಗ ರಜೆಯ ದಿನ ಜನ ಬಂದು ನೋಡಿ, ಚಹಾ ಕುಡಿದು, ಗಿಡ ಕೊಂಡು ಹೋಗುವ ಜಾಗಗಳು. ಮಲಗುವ ಕೋಣೆ, ಊಟದ ಮೇಜು, ಯಜಮಾನಿಯ ನಿಲುವಂಗಿ, ಮಕ್ಕಳ ಆಟಿಕೆ ಎಲ್ಲವನ್ನೂ ಇದ್ದ ಹಾಗೇ ಇಟ್ಟಿರುತ್ತಾರೆ. ಮನೆಯವರು ಈಗಷ್ಟೇ ಹೊರಗೆ ಹೋಗಿದ್ದಾರೆ ಎಂಬ ಭಾವನೆ ನೋಡುವವರಲ್ಲಿ ಮೂಡಬೇಕು ಎಂಬುದು ಈ ಪ್ರದರ್ಶನಗಳ ತಂತ್ರ.

ನನ್ನ ತಕರಾರು ಇರುವುದು ಈ ತಂತ್ರದ ಬಗ್ಗೆಯೇ. ಕತೆ ಬರೆಯುವವನಾದ್ದರಿಂದ ನನಗೆ ಪ್ರದರ್ಶನವೆಂದರೆ ಮೊದಲು ಹೊಳೆಯುವುದು ನಿರೂಪಕ ಯಾರು ಎಂಬ ಪ್ರಶ್ನೆ. ಸಾರ್ವಜನಿಕ ಮ್ಯೂಸಿಯಮ್ಮಿನಲ್ಲಿ ನಿರೂಪಕನೊಬ್ಬನಿದ್ದಾನೆ ಎಂಬುದು ಗೊತ್ತಾಗುತ್ತದೆ. ಅವನು ಸುಳ್ಳು ಹೇಳಬಹುದು, ಆದರೆ ಹೇಳುತ್ತಿದ್ದಾನೆ ಎಂಬುದು ಕಾಣುತ್ತದೆ. ಮನೆಯಲ್ಲಿ ಹಾಗಲ್ಲ. ಮನೆಯಲ್ಲಿರುವ ವಸ್ತು ಮನೆಯವರದು ಎಂದು ನಮ್ಮ ಕಣ್ಣು ಕೇಳದೆಯೇ ಒಪ್ಪಿಕೊಂಡುಬಿಡುತ್ತದೆ. ಅಜ್ಜನ ಕನ್ನಡಕ ಅಜ್ಜನದು, ಅಜ್ಜಿಯ ಎಲೆಯಡಿಕೆ ಪೆಟ್ಟಿಗೆ ಅಜ್ಜಿಯದು. ಅದೇ ಸಾಲಿನಲ್ಲಿ ಶ್ರೀರಂಗಪಟ್ಟಣದ ಹುಲಿಯ ತಲೆಯನ್ನಿಟ್ಟರೆ ಅದೂ ಅಜ್ಜನದೇ ಆಗುತ್ತದೆ. ಏಳು ವರ್ಷದ ಹುಡುಗಿಗೆ ಅದು ಯಾರೋ ಕೊಟ್ಟ ಉಡುಗೊರೆಯಂತೆ ಕಂಡದ್ದರಲ್ಲಿ ಅವಳ ತಪ್ಪೇನೂ ಇಲ್ಲ. ಕೋಣೆ ಹೇಳುತ್ತಿದ್ದುದನ್ನೇ ಅವಳು ಓದಿದಳು.

ಈ ಸಾಮಾನು ಅಲ್ಲಿಗೆ ಹೋದ ದಾರಿಯನ್ನು ಸ್ವಲ್ಪ ನೋಡಬೇಕು. 1757ರಲ್ಲಿ ಪ್ಲಾಸಿಯಲ್ಲಿ ಸಿರಾಜುದ್ದೌಲನನ್ನು ಸೋಲಿಸಿದ ರಾಬರ್ಟ್ ಕ್ಲೈವ್ ನಮ್ಮ ಪಾಠಪುಸ್ತಕಗಳಲ್ಲಿ ಇದ್ದಾನೆ. ಅವನ ಮಗ ಎಡ್ವರ್ಡ್ ಕ್ಲೈವ್ 1784ರಲ್ಲಿ ಪೋವಿಸ್‌ನ ಹೆನ್ರಿಯೆಟ್ಟಾ ಹರ್ಬರ್ಟಳನ್ನು ಮದುವೆಯಾದ. ಹರ್ಬರ್ಟರ ಬಳಿ ಹಳೆಯ ಹೆಸರಿತ್ತು, ಜೊತೆಗೆ ಸಾಲವಿತ್ತು. ಕ್ಲೈವರ ಬಳಿ ಬಂಗಾಳದ ದುಡ್ಡಿತ್ತು. ನಮ್ಮ ಕಡೆಯ ಹಿರಿಯರು ಕೂತು ಮಾತಾಡಿ ಕುದುರಿಸುವ ಸಂಬಂಧಗಳಿಗಿಂತ ಇದೇನೂ ಬೇರೆಯಲ್ಲ. 1801ರಲ್ಲಿ ಹೆನ್ರಿಯೆಟ್ಟಾಳ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡ. ಆಸ್ತಿ ಇವಳ ಮಗನಿಗೆ ಬಂತು, ಆದರೆ ಕ್ಲೈವ್ ಎಂಬ ಹೆಸರು ಬಿಟ್ಟು ಹರ್ಬರ್ಟ್ ಆಗಬೇಕು ಎಂಬ ಷರತ್ತಿನ ಮೇಲೆ. ಹಾಗೆ ಆ ಹೆಸರು ಮನೆಯಿಂದ ಹೊರಗೆ ಹೋಯಿತು, ಆ ದುಡ್ಡು ಮಾತ್ರ ಒಳಗೆ ಉಳಿಯಿತು.

ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದದ್ದು ಇವನ ಕಾಲದಲ್ಲಿ. ಮರು ವರ್ಷ, 1800ರಲ್ಲಿ, ಹೆನ್ರಿಯೆಟ್ಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ, ಅನ್ನಾ ತೊನೆಲ್ಲಿ ಎಂಬ ಇಟಲಿಯ ಚಿತ್ರಗಾರ್ತಿ ಶಿಕ್ಷಕಿಯನ್ನೂ ಕರೆದುಕೊಂಡು ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸುತ್ತಿಬಂದಳು. ತಿಂಗಳುಗಟ್ಟಲೆಯ ಪ್ರಯಾಣ. ಡೈರಿ ಬರೆದಳು, ಗಿಡಗಳನ್ನೂ ಕಲ್ಲುಗಳನ್ನೂ ಸಂಗ್ರಹಿಸಿದಳು, ಫಾರ್ಸಿ ಕಲಿಯಲು ಕೂತಳು. ಈ ಹೆಂಗಸಿನ ಬಗ್ಗೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ಗೆದ್ದವರ ಕಡೆಯಿಂದ ಬಂದು ಸೋತವರ ಆಡಳಿತದ ಭಾಷೆ ಕಲಿಯಲು ಕೂತವಳಲ್ಲಿ ಬರೀ ದುರಾಸೆ ಇತ್ತು ಎನ್ನಲಾರೆ. ಆದರೆ ಕುತೂಹಲಕ್ಕೂ ಕೈಗಳಿರುತ್ತವೆ. ತನಗೆ ಆಸಕ್ತಿ ಹುಟ್ಟಿದ್ದನ್ನು ಮನೆಗೆ ಒಯ್ಯಬಹುದು ಎಂಬ ಅನುಕೂಲ ಇದ್ದವರ ಕುತೂಹಲ ಬೇರೆ, ಇಲ್ಲದವರದು ಬೇರೆ.

ಹುಲಿಯ ತಲೆಯ ವಿಷಯಕ್ಕೆ ಬರೋಣ. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದು. ಚಿನ್ನ, ಅದರ ಮೇಲೆ ವಜ್ರ, ಕೆಂಪು, ಪಚ್ಚೆ. ಟಿಪ್ಪುವಿನ ಸಿಂಹಾಸನದ ಕಟಾಂಜನದ ಮೇಲೆ ಇಂಥ ಎಂಟು ತಲೆಗಳಿದ್ದವು. ಸಿಂಹಾಸನ ಒಂದು ದೊಡ್ಡ ಹುಲಿಯ ಮೇಲೆ ನಿಂತಿತ್ತು, ಮೇಲೆ ಹುಮಾ ಪಕ್ಷಿ. ದೊಡ್ಡ ಹುಲಿಯ ತಲೆಯೂ ಹುಮಾವೂ ಈಗ ವಿಂಡ್ಸರ್ ಅರಮನೆಯಲ್ಲಿ ರಾಜಮನೆತನದ ಸಂಗ್ರಹದಲ್ಲಿವೆ. ಸಿಂಹಾಸನ ಒಡೆದದ್ದು ಯುದ್ಧದಲ್ಲಲ್ಲ ಎಂಬುದನ್ನು ಎಷ್ಟು ಜನ ಗಮನಿಸಿದ್ದಾರೋ ಗೊತ್ತಿಲ್ಲ. ಅದನ್ನು ಒಡೆದದ್ದು ಲೆಕ್ಕ ಹಾಕುವವರು. ಗೆದ್ದ ಸೈನ್ಯದಲ್ಲಿ ದೊರೆತ ಸೊತ್ತನ್ನು ದರ್ಜೆಗೆ ತಕ್ಕಂತೆ ಪಾಲು ಮಾಡಬೇಕು, ಅದಕ್ಕಾಗಿ ಅಧಿಕಾರಿಗಳನ್ನು ನೇಮಿಸಬೇಕು ಎಂಬ ನಿಯಮವಿತ್ತು. ಸಿಂಹಾಸನವನ್ನು ಇಡಿಯಾಗಿ ತಮ್ಮ ದೊರೆಗೆ ಕಳಿಸಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಆಸೆಯಿತ್ತು. ಆ ಆಸೆ ಅವರಿಗೆ ಮುಟ್ಟುವ ಮೊದಲೇ ಪಾಲುದಾರರು ಅದನ್ನು ತುಂಡು ಮಾಡಿ ಮುಗಿಸಿದ್ದರು. ಲೂಟಿ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಗದ್ದಲ, ಬೆಂಕಿ, ಕಿತ್ತಾಟ. ಅದೆಲ್ಲ ಶ್ರೀರಂಗಪಟ್ಟಣದಲ್ಲೂ ಆ ರಾತ್ರಿ ನಡೆಯಿತು. ಆದರೆ ಸಿಂಹಾಸನ ಹೋದದ್ದು ರಶೀದಿ ಸಮೇತ. ವಿಲಿಯಂ ಡಾಲ್ರಿಂಪಲ್ ಕಂಪನಿಯ ಕಥೆ ಹೇಳುವ ತಮ್ಮ 2019ರ ಪುಸ್ತಕವನ್ನು ಶುರುಮಾಡುವುದೇ ನಮ್ಮಿಂದ ಇಂಗ್ಲಿಷಿಗೆ ಹೋದ ಲೂಟ್ ಎಂಬ ಪದದಿಂದ ಮತ್ತು ಇದೇ ಪೋವಿಸ್ ಕೋಟೆಯಿಂದ. ನಮ್ಮ ಪದವನ್ನೂ ಅವರೇ ಒಯ್ದರು ಎಂದು ನಗುವುದು ಸುಲಭ. ಆದರೆ ಪಾಲುಪಟ್ಟಿ ಬರೆದು ಮಾಡಿದ್ದಕ್ಕೆ ಆ ಪದ ಸಾಲದು ಎನಿಸುತ್ತದೆ.

ಅನ್ನಾ ತೊನೆಲ್ಲಿ ಬರೆದ ಒಂದು ಚಿತ್ರವೂ ಆ ಮನೆಯಲ್ಲಿದೆ. ಟಿಪ್ಪು ಸಿಂಹಾಸನದ ಮೇಲೆ ಕೂತಿದ್ದಾನೆ. ಬರೆದದ್ದು 1800ರಲ್ಲಿ. ಆ ಹೊತ್ತಿಗೆ ಟಿಪ್ಪು ಗುಂಬಜಿನಲ್ಲಿ ತಂದೆತಾಯಿಯ ಪಕ್ಕ ಮಲಗಿ ವರ್ಷವಾಗಿತ್ತು, ಸಿಂಹಾಸನ ಚೂರಾಗಿ ಹಂಚಿಹೋಗಿತ್ತು. ಇಲ್ಲದ ದೊರೆಯನ್ನು ಇಲ್ಲದ ಸಿಂಹಾಸನದ ಮೇಲೆ ಕೂರಿಸಿ ಆಕೆ ಬಣ್ಣ ಹಚ್ಚಿದಳು. ವಿಚಿತ್ರವೆಂದರೆ ಆ ಸಿಂಹಾಸನ ಹೇಗಿತ್ತು ಎಂದು ಊಹಿಸಲು ಇವತ್ತು ವಿದ್ವಾಂಸರು ನೆಚ್ಚಿಕೊಳ್ಳುವ ಆಧಾರಗಳಲ್ಲಿ ಅದೂ ಒಂದು. ಗಾಜಿನ ಪೆಟ್ಟಿಗೆಯಲ್ಲಿ ಹುಲಿಯ ತಲೆ, ಅದೇ ಮನೆಯಲ್ಲಿ ಆ ಚಿತ್ರ. ನಾನು ಅಲ್ಲಿನ ಪ್ರದರ್ಶನ ಜೋಡಿಸುವವನಾಗಿದ್ದರೆ ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಈ ಎರಡನ್ನೇ ಎದುರುಬದುರು ಇಟ್ಟು, ಎರಡೂ ಇಸವಿಗಳನ್ನು ದಪ್ಪಕ್ಷರದಲ್ಲಿ ಬರೆದು ಸುಮ್ಮನಾಗುತ್ತಿದ್ದೆ.

ಆದರೆ ನನ್ನನ್ನು ಕಾಡಿದ್ದು ಹುಲಿಯಲ್ಲ, ಡೇರೆ. ತಂಗಿಯ ಮಗ ಕಳಿಸಿದ ಫೋಟೋಗಳಲ್ಲಿ ಡೇರೆ ಇರಲಿಲ್ಲ. ಮಬ್ಬು ಬೆಳಕಿನಲ್ಲಿ ಬಟ್ಟೆಯೆಂದು ತೆಗೆದ ಒಂದೆರಡು ಚಿತ್ರಗಳಲ್ಲಿ ಏನೂ ಮೂಡಿರಲಿಲ್ಲ. ನಾನು ಅದನ್ನು ನೋಡಿದ್ದು ಅಚ್ಚಾದ ಚಿತ್ರಗಳಲ್ಲಿ. ಬಿಳಿ ಹತ್ತಿ ಬಟ್ಟೆ, ಅದರ ಮೇಲೆ ಕಮಾನಿನಂಥ ಗೂಡುಗಳ ಸಾಲು, ಪ್ರತಿ ಗೂಡಿನಲ್ಲೂ ಹೂದಾನಿ, ಅದರಿಂದ ಚೆಲ್ಲಿ ಬರುವ ಕೆಂಪು ಹೂಗಳು, ಹಸಿರು ಎಲೆಗಳು. ನಾವು ಚೀಟಿ ಬಟ್ಟೆ ಎನ್ನುವ ಜಾತಿಯದು. ಕನಾತಿನೊಳಗೆ ಕೂತವನಿಗೆ ಸುತ್ತಲೂ ತೋಟ ಕಾಣಬೇಕು, ಅದು ಕಲ್ಪನೆ. ದಂಡು ಎಲ್ಲಿ ಬೀಡುಬಿಟ್ಟರೂ, ಬರಗಾಲದ ಬಯಲಿನಲ್ಲೇ ಆದರೂ, ಒಳಗೆ ಮಾತ್ರ ಹೂ ಅರಳಿರುತ್ತದೆ.

ಇಂಥ ಬಟ್ಟೆ ಸುಲಭಕ್ಕೆ ಆಗುವುದಲ್ಲ. ಬಣ್ಣ ನೇರ ಬಳಿದರೆ ಮೊದಲ ಮಳೆಗೆ ಹೋಗುತ್ತದೆ. ಕೆಂಪು ಬರಬೇಕಾದ ಕಡೆ ಮೊದಲು ಪಟಿಕದ ನೀರನ್ನು ಕಡ್ಡಿಯಿಂದ ಬರೆಯಬೇಕು, ಆಮೇಲೆ ಬೇರಿನ ಬಣ್ಣದಲ್ಲಿ ಇಡೀ ಬಟ್ಟೆಯನ್ನು ಕುದಿಸಬೇಕು. ಪಟಿಕ ತಾಗಿದ ಕಡೆ ಕೆಂಪು ಕಚ್ಚಿಕೊಳ್ಳುತ್ತದೆ, ಉಳಿದ ಕಡೆ ತೊಳೆದರೆ ಹೋಗುತ್ತದೆ. ಕಪ್ಪು ಗೆರೆಗೆ ಕಬ್ಬಿಣ ನೆನೆಸಿದ ನೀರು. ನೀಲಿ ಬೇಕಾದರೆ, ನೀಲಿ ಬೇಡವಾದ ಜಾಗವನ್ನೆಲ್ಲ ಮೇಣದಿಂದ ಮುಚ್ಚಿ ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದಬೇಕು. ಹಸಿರೆಂಬ ಬಣ್ಣವೇ ಇಲ್ಲ. ನೀಲಿಯ ಮೇಲೆ ಹಳದಿ ಬಳಿದರೆ ಅದೇ ಹಸಿರು. ಹಳದಿ ಬೇಗ ಹಾರಿಹೋಗುತ್ತದೆ. ಹಾಗಾಗಿ ಹಳೆಯ ಚೀಟಿ ಬಟ್ಟೆಗಳಲ್ಲಿ ಎಲೆಗಳು ಎಷ್ಟೋ ಸಲ ನೀಲಿಯಾಗಿ ಕಾಣುತ್ತವೆ. ಪ್ರತಿ ಬಣ್ಣಕ್ಕೂ ಒಗೆತ, ಬಿಸಿಲು, ಮತ್ತೆ ಒಗೆತ. ಒಂದು ಡೇರೆಯ ಹಿಂದೆ ನೂಲುವ ಹೆಂಗಸರು, ನೇಯ್ಗೆಯವರು, ಗೆರೆ ಎಳೆಯುವವರು, ಬಣ್ಣಗಾರರು, ಅಗಸರು, ಹೊಲಿಯುವವರು, ಹಗ್ಗ ಹೊಸೆಯುವವರು ಇರುತ್ತಾರೆ. ಅದನ್ನು ಎತ್ತಿನ ಮೇಲೆ ಹೇರಿ, ಊರೂರಿನಲ್ಲಿ ಗೂಟ ಹೊಡೆದು ಎಬ್ಬಿಸುವ ಖಲಾಸಿಗಳೂ ಇರುತ್ತಾರೆ. ಇವರಲ್ಲಿ ಹಿಂದೂಗಳೆಷ್ಟು, ಮುಸ್ಲಿಮರೆಷ್ಟು ಎಂದು ಯಾರೂ ಬರೆದಿಟ್ಟಿಲ್ಲ. ಬಟ್ಟೆಯನ್ನು ನೋಡಿ ಹೇಳುವುದೂ ಸಾಧ್ಯವಿಲ್ಲ.

ಇನ್ನೊಂದು ಸಂಗತಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2015ರಲ್ಲಿ ಭಾರತದ ಬಟ್ಟೆಗಳ ದೊಡ್ಡ ಪ್ರದರ್ಶನವೊಂದನ್ನು ಏರ್ಪಡಿಸಿತ್ತು. ಪೋವಿಸ್‌ನ ಡೇರೆಯನ್ನು ಅಲ್ಲಿಗೆ ತಂದು ನಿಲ್ಲಿಸಿದ್ದರು. ಪರಿಣತರು ಅದರ ಕಾಲವನ್ನು 1725ರಿಂದ 1750ರ ನಡುವೆ ಎಂದು ಅಂದಾಜು ಮಾಡಿದ್ದಾರೆ. ಬುರ್ಹಾನ್‌ಪುರದ ಕಡೆಯ ಕೆಲಸ ಇರಬಹುದು ಎಂಬ ಅಭಿಪ್ರಾಯವಿದೆ. ಅಂದರೆ ಟಿಪ್ಪು ಕಣ್ಣುಬಿಡುವ ಹೊತ್ತಿಗೆ ಈ ಡೇರೆ ಆಗಲೇ ಹೊಲಿದು ತಯಾರಾಗಿತ್ತು! ಅವನು 1782ರಲ್ಲಿ ಪಟ್ಟಕ್ಕೆ ಬಂದಾಗ ಅದು ಕಡಿಮೆಯೆಂದರೂ ಮೂವತ್ತು ವರ್ಷದ ಹಳೆಯ ಬಟ್ಟೆ. ಅದಕ್ಕೂ ಮೊದಲು ಅದರೊಳಗೆ ಯಾರು ಕೂತಿದ್ದರೋ, ಯಾರಿಂದ ಯಾರ ಕೈಗೆ ಹೇಗೆ ಬಂತೋ. ಕೊಟ್ಟದ್ದೂ ಇರಬಹುದು, ಗೆದ್ದದ್ದೂ ಇರಬಹುದು. ಅವನು ಹೋದಮೇಲೆ ಪೋವಿಸ್‌ನವರು ಅದನ್ನು ತಮ್ಮ ತೋಟದ ಪಾರ್ಟಿಗಳಿಗೆ ಎಬ್ಬಿಸುತ್ತಿದ್ದರು. ವೇಲ್ಸ್‌ನ ಹುಲ್ಲಿನ ಮೇಲೆ ದಖನ್ನಿನ ಕನಾತು, ಒಳಗೆ ಕೇಕು, ಚಹಾ.

ಹಾಗಾದರೆ 'ಟಿಪ್ಪು ಸುಲ್ತಾನನ ಡೇರೆ' ಎಂಬ ಹೆಸರು ಏನನ್ನು ಹೇಳುತ್ತದೆ? ಅದು ಹೇಳುವುದು ಮಾಡಿದವರ ಬಗ್ಗೆ ಅಲ್ಲ, ಟಿಪ್ಪುವಿನ ಬಗ್ಗೆಯೂ ಅಷ್ಟಾಗಿ ಅಲ್ಲ. ಯಾರಿಂದ ಕಿತ್ತುಕೊಂಡದ್ದು ಎಂಬುದನ್ನು ಹೇಳುತ್ತದೆ. ಸೋತವನು ದೊಡ್ಡವನಾದಷ್ಟೂ ಗೆದ್ದವನು ದೊಡ್ಡವನಾಗುತ್ತಾನಲ್ಲ. ಅದೇ ಮನೆಯಲ್ಲಿರುವ ಪಲ್ಲಕ್ಕಿಯ ಕಥೆಯೂ ಇದೇ. ಅದು ಸಿರಾಜುದ್ದೌಲ ಪ್ಲಾಸಿಯಲ್ಲಿ ಬಿಟ್ಟು ಓಡಿದ ಪಲ್ಲಕ್ಕಿ ಎಂದು ಹೇಳಿಕೊಂಡು ಬಂದಿದ್ದಾರೆ. ಬೇಟೆಯಾಡಿದವನ ಮನೆಯಲ್ಲಿ ಗೋಡೆಗೆ ಜಿಂಕೆಯ ತಲೆ ಇರುವಂತೆ ಈ ಹೆಸರುಗಳೂ ಅಲ್ಲಿ ನೇತುಬಿದ್ದಿವೆ.

ಬೇರೆ ಕಡೆಯವರನ್ನು ಅನ್ನುವ ಮುಂಚೆ ನಮ್ಮ ಮನೆಯದೊಂದು ಸಂಗತಿ ಹೇಳಬೇಕು. ನನ್ನ ನಾನಾ ಉರ್ದು ಶಾಲೆಯಲ್ಲಿ ಹೆಡ್‌ಮಾಸ್ಟರ್ ಆಗಿದ್ದರು. ಅವರದೊಂದು ಕಪ್ಪು ಶೇರವಾನಿ ನಮ್ಮ ಮನೆಯ ಟ್ರಂಕಿನಲ್ಲಿದೆ. ಈದ್‌ಗೆ, ಮದುವೆಗೆ, ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನಕ್ಕೆ ಅವರು ಅದನ್ನು ತೊಡುತ್ತಿದ್ದರು. ಬಲಗೈ ತೋಳಿನ ಅಂಚಿನಲ್ಲಿ ಒಂದು ಶಾಯಿಯ ಕಲೆಯಿದೆ. ನಾನಿ ಎಷ್ಟು ಉಜ್ಜಿದರೂ ಹೋಗಲಿಲ್ಲವಂತೆ. ಕೆಲವು ವರ್ಷದ ಹಿಂದೆ ಒಂದು ಕಾಲೇಜಿನವರು 'ನಮ್ಮ ನಾಡಿನ ಅಪರೂಪದ ಉಡುಪುಗಳು' ಎಂಬ ಪ್ರದರ್ಶನಕ್ಕೆ ಅದನ್ನು ಕೇಳಿ ತೆಗೆದುಕೊಂಡು ಹೋದರು. ಖುಷಿಯಿಂದಲೇ ಕೊಟ್ಟೆ. ಮರುದಿನ ಹೋಗಿ ನೋಡಿದರೆ ತಲೆಯಿಲ್ಲದ ಒಂದು ಪ್ಲಾಸ್ಟಿಕ್ ಬೊಂಬೆಗೆ ಅದನ್ನು ತೊಡಿಸಿದ್ದರು. ಬೊಂಬೆ ನಾನಾನಿಗಿಂತ ಅಗಲ, ಗುಂಡಿ ಹಾಕಲಾಗದೆ ಪಿನ್ನು ಚುಚ್ಚಿದ್ದರು. ಕೆಳಗೆ ಚೀಟಿ: 'ಮುಸ್ಲಿಂ ಉಡುಪು'. ಅಷ್ಟೇ. ಪಕ್ಕದಲ್ಲಿ ಒಂದು ಪಂಚೆ, ಪೇಟಕ್ಕೆ 'ರೈತನ ಉಡುಪು' ಎಂದಿತ್ತು. ನಮ್ಮ ನಾನಾ ರೈತರ ಮಗ, ಜೀವನವೆಲ್ಲ ಮನೆಯಲ್ಲಿ ಲುಂಗಿ ಉಟ್ಟವರು, ಶಾಲೆಗೆ ಕೋಟು ಹಾಕುತ್ತಿದ್ದವರು. ಶಾಯಿಯ ಕಲೆಯನ್ನು ಕಾಣದಂತೆ ಮಡಿಸಿ ಮರೆಮಾಡಿದ್ದರು. ಆ ಕಲೆಯೇ ಅದು ಮೇಷ್ಟ್ರ ಶೇರವಾನಿ ಎಂಬುದಕ್ಕೆ ಇದ್ದ ಏಕೈಕ ಸಾಕ್ಷಿ. ಏರ್ಪಡಿಸಿದವರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ನನಗೆ ಚಹಾ ಕೊಟ್ಟು ಚೆನ್ನಾಗಿ ಮಾತಾಡಿಸಿದರು. ನಾನೂ ಏನೂ ಹೇಳದೆ ಬಂದೆ.

ಅಲ್ಲಿ ವಸ್ತುವಿಗೆ ಒಡೆಯನ ಹೆಸರಿದೆ, ಮಾಡಿದ ಕೈಯಿಲ್ಲ. ಇಲ್ಲಿ ತೊಟ್ಟ ಮನುಷ್ಯನೇ ಮಾಯವಾಗಿ ಒಂದು ಜಾತಿ ಉಳಿಯುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಅನ್ಯಾಯ ಎಂದು ಯೋಚಿಸಿದ್ದೇನೆ. ಪೋವಿಸ್‌ನ ಹೆಸರುಪಟ್ಟಿ ಎಷ್ಟೇ ಕೊಬ್ಬಿನದಾಗಿದ್ದರೂ ಟಿಪ್ಪುವನ್ನು ಒಬ್ಬ ವ್ಯಕ್ತಿ ಎಂದಾದರೂ ಒಪ್ಪುತ್ತದೆ. ನಮ್ಮ ಪ್ರದರ್ಶನಗಳು ಅಷ್ಟನ್ನೂ ಮಾಡುವುದಿಲ್ಲ.

ಅಪರೂಪದ ವಸ್ತು ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಬೇಕು. ಹಳೆಯ ಬಟ್ಟೆಯನ್ನು ಸದಾ ತೂಗುಹಾಕಲು ಬರುವುದಿಲ್ಲ. ಬೆಳಕು ಬಟ್ಟೆಯನ್ನು ತಿನ್ನುತ್ತದೆ, ತಿಂದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಬಟ್ಟೆಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬ ನಿಯಮವನ್ನು ಮ್ಯೂಸಿಯಮ್ಮುಗಳು ಪಾಲಿಸುತ್ತವೆ. ನಮ್ಮ ಆಫೀಸುಗಳ ಬೆಳಕು ಅದರ ಹತ್ತು ಪಟ್ಟು ಇರುತ್ತದೆ. ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆಯ ಪೆಟ್ಟಿಗೆಗೆ ಹಾಕುತ್ತಾರೆ. ಇದು ಒಳ್ಳೆಯ ಕ್ರಮವೇ. ನಮ್ಮ ಕಡೆ ಬಿಸಿಲು ಬೀಳುವ ಕಿಟಕಿಯ ಎದುರಿಗೇ ಹಳೆಯ ಬಟ್ಟೆ ನೇತುಹಾಕಿದ್ದನ್ನು ಕಂಡವರಿಗೆ ಪೋವಿಸ್‌ನ ಮಬ್ಬುಗತ್ತಲೆಯ ಬೆಲೆ ತಿಳಿಯುತ್ತದೆ. ಅವರು ಕಾಪಾಡಿದರು ಎಂಬುದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ಪೆಟ್ಟಿಗೆಯಲ್ಲಿರುವ ಬಟ್ಟೆಯನ್ನು ಎರಡು ಮೂರು ವರ್ಷಕ್ಕೊಮ್ಮೆ ಹೊರಗೆ ತೆಗೆಯುವಾಗ ಅದರ ಜೊತೆಗೆ ಹೊಸ ಪ್ರಶ್ನೆಯನ್ನೂ ತೆಗೆಯಬಹುದು. ಅಪರೂಪಕ್ಕೆ ತೋರಿಸುವುದರ ಲಾಭ ಅದೇ. ಹಾಗೆ ಮಾಡದೆ 'ಇದುವರೆಗೆ ಯಾರೂ ಕಾಣದ ಸಂಪತ್ತು' ಎಂದು ಡಂಗುರ ಹೊಡೆದರೆ ಅದು ಮದುವೆ ಮನೆಯಲ್ಲಿ ಒಡವೆ ತೋರಿಸುವ ಕೆಲಸವಾಗುತ್ತದೆ. ಯಾರೂ ಕಾಣದ್ದೇನಲ್ಲ. ನಾವು ಕಂಡಿದ್ದೆವು. ನಮ್ಮ ಖಲಾಸಿಗಳು ಹೊತ್ತಿದ್ದರು.

ಪೋವಿಸ್ ಒಳಗೆ ಭಾರತದ ವಸ್ತುಗಳಿಗಾಗಿಯೇ 1987ರಲ್ಲಿ ಕ್ಲೈವ್ ಮ್ಯೂಸಿಯಂ ಎಂಬ ಕೋಣೆಯನ್ನು ತೆರೆದರು. ಮುನ್ನೂರಕ್ಕೂ ಹೆಚ್ಚು ವಸ್ತುಗಳು. ಕೋಣೆಗೆ ಆ ಹೆಸರೇ ಯಾಕೆ? ತಂದವನ ಹೆಸರಿಡುವುದು ರೂಢಿ, ಅಷ್ಟೇ. 2020ರ ಸೆಪ್ಟೆಂಬರಿನಲ್ಲಿ ನ್ಯಾಷನಲ್ ಟ್ರಸ್ಟ್ ತನ್ನ ಮನೆಗಳಿಗೂ ವಸಾಹತುಗಳಿಗೂ ಗುಲಾಮರ ವ್ಯಾಪಾರಕ್ಕೂ ಇದ್ದ ನಂಟಿನ ಬಗ್ಗೆ ಒಂದು ವರದಿ ತಂದಿತು. 93 ಜಾಗಗಳ ಹೆಸರಿತ್ತು, ಪೋವಿಸ್ ಕೂಡ. ದೊಡ್ಡ ಗಲಾಟೆಯೇ ಆಯಿತು. ಚರ್ಚಿಲ್ ವಾಸವಿದ್ದ ಮನೆಯೂ ಪಟ್ಟಿಯಲ್ಲಿತ್ತು ಎಂಬುದು ಕೆಲವರಿಗೆ ನುಂಗಲಾರದ ತುತ್ತಾಯಿತು. ನಾವು ತೋಟ ನೋಡಲು ಬರುತ್ತೇವೆ, ನಮಗೆ ಯಾಕೆ ಪಾಠ ಹೇಳುತ್ತೀರಿ ಎಂದರು. ದತ್ತಿ ಸಂಸ್ಥೆಗಳ ಮೇಲಿನ ಆಯೋಗಕ್ಕೆ ದೂರು ಹೋಯಿತು. ಟ್ರಸ್ಟ್ ಕಾನೂನು ಮೀರಿಲ್ಲ ಎಂದು ಆಯೋಗ 2021ರಲ್ಲಿ ಹೇಳಿತು. ಅದಕ್ಕೂ ಮೊದಲೇ ಲೆಸ್ಟರ್ ವಿಶ್ವವಿದ್ಯಾಲಯದ ಕೊರಿನ್ ಫೌಲರ್ ಅವರ ನೇತೃತ್ವದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳನ್ನು ಇಂಥ ಮನೆಗಳಿಗೆ ಕರೆದುಕೊಂಡು ಹೋಗಿ, ವಸ್ತುಗಳ ಬಗ್ಗೆ ಅವರಿಂದಲೇ ಬರೆಸುವ ಕೆಲಸವೊಂದು ನಡೆದಿತ್ತು. ನನಗೆ ವರದಿಗಿಂತ ಇದು ಹೆಚ್ಚು ಹಿಡಿಸಿತು. ನನ್ನ ತಂಗಿಯ ಮೊಮ್ಮಗಳ ಪ್ರಶ್ನೆಯಂಥ ಪ್ರಶ್ನೆಗಳಿಗೆ ಆ ಕೋಣೆಯಲ್ಲಿ ಜಾಗ ಸಿಕ್ಕರೆ ಚೀಟಿಯ ಒಕ್ಕಣೆ ತಾನಾಗಿ ಬದಲಾಗಬೇಕಾಗುತ್ತದೆ.

ಆ ಗಲಾಟೆ ಮಾಡಿದವರ ಮಾತು ನನಗೆ ಪರಿಚಿತವೆನಿಸಿತು. ಇಲ್ಲಿಯೂ ಅದೇ ಧಾಟಿ. ಕರ್ನಾಟಕ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿತು, 2019ರಲ್ಲಿ ಬಂದ ಇನ್ನೊಂದು ಸರ್ಕಾರ ಅದನ್ನು ರದ್ದುಮಾಡಿತು. ನಡುವಿನ ನಾಲ್ಕು ವರ್ಷ ಪ್ರತಿ ನವೆಂಬರಿನಲ್ಲಿ ಪೊಲೀಸ್ ವ್ಯಾನುಗಳ ನಡುವೆ ಅವನ ಹುಟ್ಟುಹಬ್ಬ ನಡೆಯಿತು. 2022ರ ಅಕ್ಟೋಬರಿನಲ್ಲಿ ಬೆಂಗಳೂರು-ಮೈಸೂರು ನಡುವಿನ ಟಿಪ್ಪು ಎಕ್ಸ್‌ಪ್ರೆಸ್ ರೈಲಿನ ಹೆಸರು ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಈ ಎಲ್ಲ ಜಗಳದಲ್ಲಿ ಒಂದು ಕಡೆಯವರಿಗೆ ಅವನು ಹುತಾತ್ಮ, ಇನ್ನೊಂದು ಕಡೆಯವರಿಗೆ ಮತಾಂಧ. ಎರಡೂ ಕಡೆ ಭಾಷಣವಿದೆ. ಅವನ ಕಾಲದ ಒಂದು ಬಟ್ಟೆ, ಒಂದು ಕಾಗದ, ಒಂದು ಹಗ್ಗವನ್ನು ಹತ್ತಿರದಿಂದ ನೋಡಿ ಮಾತಾಡುವವರು ಕಡಿಮೆ. ಟಿಪ್ಪು ತನ್ನ ಕನಸುಗಳನ್ನು ಫಾರ್ಸಿಯಲ್ಲಿ ತನ್ನ ಕೈಯಾರೆ ಬರೆದಿಟ್ಟ ಪುಸ್ತಕ ಲಂಡನ್ನಿನಲ್ಲಿದೆ. ಅದನ್ನಿಟ್ಟುಕೊಂಡು ಕಾರ್ನಾಡರು ನಾಟಕ ಬರೆದರು. ಹಳೇ ಮೈಸೂರು ಕಡೆ ಲಾವಣಿ ಹಾಡುವವರು ಅವನನ್ನು ತಮ್ಮ ಊರಿನ ಮನುಷ್ಯನನ್ನಾಗಿ ಮಾಡಿಕೊಂಡರು. ಇದು ಬಿಟ್ಟರೆ ನಮ್ಮ ಸಮುದಾಯದವರೂ ಅವನನ್ನು ಬ್ಯಾನರಿನ ಮೇಲೆ ಕತ್ತಿ ಹಿಡಿಸಿ ನಿಲ್ಲಿಸಿದ್ದಷ್ಟೇ. ಹೂಬಟ್ಟೆಯ ಡೇರೆಯಲ್ಲಿ ಕೂತಿದ್ದ ಟಿಪ್ಪು ನಮಗೆ ಬೇಕಾಗಿಲ್ಲ.

ವಾಪಸು ಕೇಳಬೇಕು ಎನ್ನುವವರಿದ್ದಾರೆ. ನಾನೂ ಅವರ ಜೊತೆಗೇ ಇದ್ದೇನೆ. ಆದರೆ ಕಣ್ಣುಮುಚ್ಚಿ ಅಲ್ಲ. 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನದೆನ್ನಲಾದ ಕತ್ತಿಯೊಂದನ್ನು ವಿಜಯ್ ಮಲ್ಯ ಕೊಂಡರು. ನಾಡೆಲ್ಲ ಹೆಮ್ಮೆಪಟ್ಟಿತು. 2018ರಲ್ಲಿ ಅವರ ಸಾಲದ ಮೊಕದ್ದಮೆಯ ಹೊತ್ತಿಗೆ, ಅಪಶಕುನವೆಂದು ಮನೆಯವರು ಅಂದದ್ದರಿಂದ ಅದನ್ನು ಯಾರಿಗೋ ಕೊಟ್ಟುಬಿಟ್ಟರು ಎಂಬ ಸುದ್ದಿ ಲಂಡನ್ನಿನ ಕೋರ್ಟಿನಿಂದ ಬಂತು. ಇನ್ನೊಂದು ಕಡೆ ಬೆಲೆಗಳು ಏರುತ್ತಲೇ ಇವೆ. ಸಿಂಹಾಸನದ ಇನ್ನೊಂದು ಹುಲಿಯ ತಲೆ ಬ್ರಿಟನ್ ಬಿಟ್ಟು ಹೋಗದಂತೆ ಅಲ್ಲಿನ ಸರ್ಕಾರ 2021ರಲ್ಲಿ ತಾತ್ಕಾಲಿಕ ತಡೆ ಹಾಕಿತು. ಅದರ ಬೆಲೆ 15 ಲಕ್ಷ ಪೌಂಡು. ದೇಶದ ಸೊತ್ತು ಹೊರಗೆ ಹೋಗಬಾರದು ಎಂಬುದು ಅವರ ಕಾಳಜಿ. ಯಾವ ದೇಶದ ಸೊತ್ತು ಎಂದು ನಾವು ಕೇಳಬಹುದಿತ್ತು. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕಿದ ಕತ್ತಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು.

ಡೇರೆ ನಾಳೆ ಬಂದರೆ ಎಲ್ಲಿಡುತ್ತೀರಿ, ರೈಲಿನ ಮೇಲೆ ಹೆಸರು ಉಳಿಸಿಕೊಳ್ಳಲಾರದವರು ಬಟ್ಟೆ ಉಳಿಸುತ್ತೀರಾ ಎಂದು ನನ್ನ ಒಬ್ಬ ಗೆಳೆಯರು ಕೇಳಿದರು. ಅವರು ಇತಿಹಾಸದ ಮೇಷ್ಟ್ರು, ಹಿಂದೂ, ಟಿಪ್ಪು ಬಗ್ಗೆ ನನಗಿಂತ ಹೆಚ್ಚು ಓದಿದವರು. ಮಾತು ಚುಚ್ಚಿತು, ಯಾಕೆಂದರೆ ನಿಜವಿತ್ತು. ಆದರೂ ನಮ್ಮ ಮನೆಯ ಜಗಳ ಅವರ ಕೈಯಲ್ಲಿ ಹಕ್ಕುಪತ್ರ ಆಗಬಾರದು ಎಂದೆ. ಅಣ್ಣತಮ್ಮಂದಿರು ಹೊಡೆದಾಡುತ್ತಾರೆಂದು ಹೊಲ ಪಕ್ಕದ ಊರಿನವನದಾಗುತ್ತದೆಯೆ? ಕೊಡುವುದು ದೂರದ ಮಾತಾದರೆ ಕೆಲವು ತಿಂಗಳ ಮಟ್ಟಿಗೆ ಎರವಲಾಗಿ ಕಳಿಸಲಿ. ವೆಲ್ಷ್‌ಪೂಲಿನಿಂದ ಲಂಡನ್ನಿಗೆ ಬಂದ ಬಟ್ಟೆ ಮೈಸೂರಿನವರೆಗೆ ಬರಲಾರದೇನೂ ಅಲ್ಲ. ಮಬ್ಬು ಬೆಳಕಿನ ಕೋಣೆಯೊಂದನ್ನು ನಾವು ಸಿದ್ಧಮಾಡಬೇಕು, ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕು. ಅದರ ಮೊದಲ ಸಾಲಿನಲ್ಲಿ ಹತ್ತಿ, ಪಟಿಕ, ಮೇಣ, ನೀಲಿ ಇರಲಿ. ಟಿಪ್ಪುವಿನ ಹೆಸರು ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ, ಅವನಿಗಿಂತ ಹಿಂದೆ ಇದರಲ್ಲಿ ಕೂತವರ ನಂತರ, ಇವನ ನಂತರ ಇದರಲ್ಲಿ ಚಹಾ ಕುಡಿದವರ ಮೊದಲು ಬರಲಿ. ಗೆಳೆಯರು ನಕ್ಕು, 'ಅಷ್ಟು ಉದ್ದದ ಚೀಟಿ ಯಾರು ಓದುತ್ತಾರೆ' ಎಂದರು.

ಶೇರವಾನಿ ಕಾಲೇಜಿನಿಂದ ವಾಪಸು ಬಂದಾಗ ಪಿನ್ನು ಚುಚ್ಚಿದ ಕಡೆ ಎರಡು ತೂತು ಬಿದ್ದಿದ್ದವು. ನನ್ನ ಹೆಂಡತಿ ಕಪ್ಪು ದಾರದಲ್ಲಿ ಅವನ್ನು ಹೊಲಿದಳು. ಟ್ರಂಕಿನಲ್ಲಿ ಮಡಿಸಿಡುವ ಮೊದಲು ನಾನು ಒಂದು ಕಾಗದದ ಮೇಲೆ ನಾನಾನ ಹೆಸರು, ಶಾಲೆಯ ಹೆಸರು, ಹೊಲಿದ ದರ್ಜಿಯ ಹೆಸರು ಬರೆಯಲು ಕೂತೆ. ದರ್ಜಿಯ ಹೆಸರು ನನಗೆ ಗೊತ್ತಿರಲಿಲ್ಲ. ಅಮ್ಮಿಯನ್ನು ಕೇಳಿದೆ. ಅವರು ತುಂಬ ಹೊತ್ತು ಯೋಚಿಸಿ, 'ಮಸೀದಿ ಎದುರಿಗೆ ಕೂರ್ತಿದ್ದರು, ಒಂದು ಕಣ್ಣು ಕಾಣ್ತಿರಲಿಲ್ಲ' ಎಂದರು. ಅದನ್ನೇ ಬರೆದಿಟ್ಟೆ.